ಹಿತ್ತಲಲ್ಲಿ ಏರುಮಡಿ ಕಟ್ಟಬೇಕು, ಭಾನುವಾರ ಬೆಟ್ಟಕ್ಕೂ ಹೋಗಬೇಕು. ಸಲಹೆ ಕೊಡಿ

ಹಿತ್ತಲ_ಮೈಸೂರು
ಎಲ್ಲರಿಗೂ ನಮಸ್ಕಾರ. ಮೈಸೂರಿನ ಹೊರವಲಯದಲ್ಲಿ ನಮ್ಮ ಮನೆ. ಹಿಂದೆ 20 ಅಡಿಗೆ 15 ಅಡಿ ಜಾಗ ಖಾಲಿ ಇದೆ. ಮನೆ ಕಟ್ಟಿದಾಗ ಉಳಿದ ಜಲ್ಲಿ, ಗಾರೆ, ಇಟ್ಟಿಗೆ ಚೂರು ಎಲ್ಲಾ ಅಲ್ಲೇ ಹೂತುಹೋಗಿದೆ. ಗುದ್ದಲಿ ಹಾಕಿದರೆ ಠಣ್ ಅನ್ನುತ್ತದೆ. ಹಾಗಾಗಿ ಅಗೆಯುವ ಬದಲು ಮೇಲೆ ಏರುಮಡಿ, ಅಂದರೆ ನೆಲಕ್ಕಿಂತ ಎತ್ತರದ ಮಣ್ಣಿನ ಪಾತಿ, ಕಟ್ಟಿ ಬದನೆ, ಬೆಂಡೆ, ದಂಟು, ಮೆಂತ್ಯ ಬೆಳೆಯೋಣ ಅಂತ ಆಸೆ. ಯಾವುದರಲ್ಲಿ ಕಟ್ಟಬೇಕು, ಎಷ್ಟು ಎತ್ತರ, ಒಳಗೆ ಏನು ತುಂಬಬೇಕು?

ಜೊತೆಗೆ ಇನ್ನೊಂದು ವಿಷಯ. ಮಕ್ಕಳಿಗೆ 13 ಮತ್ತು 10 ವರ್ಷ. ಭಾನುವಾರ ಬಂದರೆ ಬೆಟ್ಟ ಹತ್ತಬೇಕು ಅಂತ ಹಟ. ಬೆಳಿಗ್ಗೆ ಹೋಗಿ ಸಂಜೆಯೊಳಗೆ ಮನೆ ಸೇರುವಂಥ ಬೆಟ್ಟಗಳನ್ನು ಹೇಳಿ. ನಾವು ಇಡೀ ದಿನ ಹೊರಗಿದ್ದರೆ ಮಡಿಗೆ ನೀರಿನ ಗತಿ ಏನು ಅನ್ನೋದನ್ನೂ ತಿಳಿಸಿ.

ಕೆಂಪುಮಣ್ಣು
ಸಿಮೆಂಟ್ ಸಾಲಿಡ್ ಬ್ಲಾಕ್ ತನ್ನಿ. 16 ಇಂಚು ಉದ್ದ, 8 ಇಂಚು ಎತ್ತರ, 4 ಇಂಚು ದಪ್ಪದ್ದು. ಎರಡು ವರಸೆ ಸಾಕು, 16 ಇಂಚು ಎತ್ತರ ಸಿಗುತ್ತದೆ. ಗಾರೆ ಹಾಕಬೇಡಿ, ಹಾಗೇ ಜೋಡಿಸಿ. ನಾಳೆ ಜಾಗ ಬದಲಿಸಬೇಕು ಅನ್ನಿಸಿದರೆ ಎತ್ತಿಡಬಹುದು.

ಒಳಗಿನ ಅಳತೆ 8 ಅಡಿ ಉದ್ದ, 3 ಅಡಿ ಅಗಲ ಇರಲಿ. ಬಹಳ ಜನ 4 ಅಡಿ ಅಗಲ ಅಂತಾರೆ. ಆದರೆ ಮಧ್ಯದ ಕಳೆ ಕೀಳಲು ಕೈ ಎಟುಕಬೇಕಲ್ಲ. ಮಕ್ಕಳು, ಹೆಂಗಸರು ಎಲ್ಲರೂ ಕೈಯಾಡಿಸುವ ಮಡಿ ಆದರೆ 3 ಅಡಿಯೇ ಸರಿ. ಇಂಥ ಒಂದು ಮಡಿಗೆ ಸುಮಾರು 36 ಬ್ಲಾಕ್ ಬೇಕು. ಮಡಿಯ ಮಧ್ಯೆ ಓಡಾಡಲು ಎರಡು ಅಡಿ ದಾರಿ ಬಿಡಿ. ಒಳಗೆ ಕಾಲಿಡುವ ಹಾಗೇ ಇಲ್ಲ. ತುಳಿದರೆ ಮಣ್ಣು ಗಟ್ಟಿಯಾಗುತ್ತದೆ, ಆಮೇಲೆ ಏರುಮಡಿ ಕಟ್ಟಿದ ಲಾಭವೇ ಇಲ್ಲ.

ಬಳ್ಳಾರಿ_ಬಿಸಿಲು
ಎಲ್ಲರೂ ಏರುಮಡಿ ಏರುಮಡಿ ಅಂತೀರಲ್ಲ, ಅದು ಬೇಕಾ ಅಂತ ಮೊದಲು ನೋಡ್ರಿ. ನಮ್ಮ ಕಡೆ ಏರುಮಡಿ ಕಟ್ಟಿದರೆ ಬೆಳಿಗ್ಗೆ ಹಾಕಿದ ನೀರು ಮಧ್ಯಾಹ್ನಕ್ಕೆ ಇರಲ್ಲ. ನಾಲ್ಕೂ ಕಡೆಯಿಂದ ಬಿಸಿಲು, ಗಾಳಿ. ನಾವು ತಗ್ಗುಮಡಿ ಮಾಡ್ತೀವಿ. ನೆಲಕ್ಕಿಂತ ನಾಲ್ಕೈದು ಇಂಚು ಕೆಳಗೆ, ಸುತ್ತ ಸಣ್ಣ ಬದು. ಬಿದ್ದ ಹನಿ ಅಲ್ಲೇ ನಿಲ್ಲುತ್ತದೆ. ಏರುಮಡಿ ನೀರು ನಿಲ್ಲುವ ಊರಿಗೆ. ಕಂಡಲ್ಲೆಲ್ಲ ಕಟ್ಟಿದರೆ ನೀರೂ ದುಡ್ಡೂ ಹಾಳು.

ಅಡಿಕೆದಬ್ಬೆ
ಬಳ್ಳಾರಿಯವರ ಮಾತು ಅವರ ಊರಿಗೆ ಸರಿ. ನಮ್ಮ ತೀರ್ಥಹಳ್ಳಿ ಕಡೆ ಏರಿಸದಿದ್ದರೆ ಜುಲೈನಲ್ಲಿ ಒಂದು ಗಿಡವೂ ಉಳಿಯಲ್ಲ. ಶುಂಠಿ ಬೆಳೆಯುವವರನ್ನು ನೋಡಿ. ಮಣ್ಣು ಏರಿಸಿ, ಪಕ್ಕದಲ್ಲಿ ಆಳದ ಬಸಿಗಾಲುವೆ ತೆಗೆಯದೆ ಬೀಜ ಊರುವುದೇ ಇಲ್ಲ. ಊರಿದರೆ ಕೊಳೆ ರೋಗ ಗ್ಯಾರಂಟಿ.

ನಮ್ಮಲ್ಲಿ ಬ್ಲಾಕ್ ಎಲ್ಲ ಇಲ್ಲ, ಅಡಿಕೆ ದಬ್ಬೆ. ಬಲಿತ ಮರ ಸೀಳಿ, ಒಳಗಿನ ಮೆತ್ತನೆ ಭಾಗ ಕೆರೆದು ತೆಗೆಯುತ್ತಾರೆ. ಸಿಪ್ಪೆ ಕಡೆ ಹೊರಗೆ ಬರುವ ಹಾಗೆ ಗೂಟಕ್ಕೆ ಕಟ್ಟುತ್ತಾರೆ. ಅಡಿಗೆ ಸೊಪ್ಪು, ಅದರ ಮೇಲೆ ಗೊಬ್ಬರ, ಆಮೇಲೆ ಮಣ್ಣು. ಕೆರೆಯದೆ ಕಟ್ಟಿದ ದಬ್ಬೆ ಒಂದೇ ಮಳೆಗಾಲಕ್ಕೆ ಮೆತ್ತಗಾಗಿ ಗೆದ್ದಲು ಹಿಡಿಯುತ್ತದೆ. ನೀಟಾಗಿ ಕೆರೆದದ್ದು ಎರಡು ಮೂರು ಮಳೆ ತಡೆಯುತ್ತದೆ.

ಹಿತ್ತಲ_ಮೈಸೂರು
ಹಾಗಾದರೆ ಮೈಸೂರಿಗೆ ಏರಿಸಬೇಕಾ, ತಗ್ಗಿಸಬೇಕಾ? ನಮ್ಮದು ಬಳ್ಳಾರಿಯೂ ಅಲ್ಲ, ತೀರ್ಥಹಳ್ಳಿಯೂ ಅಲ್ಲ.

ಕೃಷಿ_ಓದಿದವಳು
ಅಣ್ಣ, ಊರಿನ ಹೆಸರು ಕೇಳಿ ತೀರ್ಮಾನ ಮಾಡಬೇಡಿ, ನಿಮ್ಮ ಹಿತ್ತಲನ್ನೇ ಕೇಳಿ. ಒಂದು ಅಡಿ ಆಳದ ಗುಂಡಿ ತೆಗೆಯಿರಿ. ತುಂಬ ನೀರು ಹಾಕಿ, ಪೂರ್ತಿ ಇಂಗಲು ಬಿಡಿ. ಮತ್ತೆ ತುಂಬಿಸಿ, ಒಂದು ಕಡ್ಡಿಯಲ್ಲಿ ಮಟ್ಟ ಗುರುತು ಮಾಡಿ. ಗಂಟೆಗೆ ಒಂದು ಇಂಚಾದರೂ ಇಳಿದರೆ ನೆಲ ಬಸಿಯುತ್ತದೆ ಅಂತ ಅರ್ಥ. ಅರ್ಧ ಇಂಚೂ ಇಳಿಯದಿದ್ದರೆ ಏರಿಸಲೇಬೇಕು. ಮೊದಲ ಸಲದ ನೀರನ್ನು ಲೆಕ್ಕಕ್ಕೆ ತಗೊಳ್ಳಬೇಡಿ. ಒಣ ಮಣ್ಣು ಹೇಗೂ ಕುಡಿಯುತ್ತದೆ.

ಮೈಸೂರಿನ ಮಳೆ ವರ್ಷಕ್ಕೆ ಸುಮಾರು 800 ಮಿಲಿಮೀಟರ್. ಆಗುಂಬೆಯಲ್ಲಿ 7000 ದಾಟುತ್ತದೆ. ಇನ್ನೊಂದು ಗಮನಿಸಿ. ನಿಮ್ಮಲ್ಲಿ ಜೋರು ಮಳೆ ಮೇನಲ್ಲಿ ಒಮ್ಮೆ, ಆಮೇಲೆ ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ. ಜೂನ್ ಜುಲೈನಲ್ಲಿ ಬರೀ ತುಂತುರು, ಗಾಳಿ ಜಾಸ್ತಿ. ಅಂದರೆ ಎರಡೂ ಕಾಲಕ್ಕೆ ಒಗ್ಗುವ ಮಡಿ ಬೇಕು. ನಿಮ್ಮ ಜಾಗದಲ್ಲಿ ಕಟ್ಟಡದ ಕಸ ಇರುವುದರಿಂದ ಏರಿಸುವುದೇ ಒಳ್ಳೆಯದು. ಆದರೆ ಒಂದು ಅಡಿ ಮಣ್ಣು ಸಾಕು, ಎರಡು ಮೂರು ಅಡಿ ಬೇಡ. ಎತ್ತರ ಹೆಚ್ಚಿದಷ್ಟೂ ಬೇಗ ಒಣಗುತ್ತದೆ.

ಕಟ್ಟುವ ಮೊದಲು ಅಡಿಯ ನೆಲವನ್ನು ಹಾರೆಯಲ್ಲಿ ಮೀಟಿ ಸಡಿಲ ಮಾಡಿ. ಗಾರೆ ಉಂಡೆಗಳನ್ನು ಆರಿಸಿ ಹೊರಗೆ ಹಾಕಿ. ಅವು ಮಣ್ಣಿಗೆ ಸುಣ್ಣದ ಗುಣ ಬಿಡುತ್ತವೆ, ಎಲೆ ಹಳದಿಯಾಗುತ್ತದೆ. ಅಡಿಗೆ ಪ್ಲಾಸ್ಟಿಕ್ ಶೀಟ್ ಹಾಸಲೇಬೇಡಿ.

ಬಳ್ಳಾರಿ_ಬಿಸಿಲು
ಗುಂಡಿ ಪರೀಕ್ಷೆ ಒಪ್ಪಿದೆ ತಂಗಿ. ಇದನ್ನೇ ನಾನು ಹೇಳಿದ್ದು, ಮೊದಲು ನೀರು ಎಲ್ಲಿ ಹೋಗ್ತದೆ ನೋಡ್ರಿ ಅಂತ.

ಅಡಿಕೆದಬ್ಬೆ
ನೀವು ಹೇಳಿದ್ದು ಏರುಮಡಿ ದುಡ್ಡು ಹಾಳು ಅಂತ 😊

ಸೀಯಾಟಲ್_ಕನ್ನಡಿಗ
ಮರದ ವಿಷಯ ಬಂತಲ್ಲ, ಒಂದು ಎಚ್ಚರಿಕೆ. ಔಷಧಿ ಹಾಕಿದ ಹಳೆ ಮರ ಬಳಸಬೇಡಿ. ಇಲ್ಲಿ ಅಮೆರಿಕದಲ್ಲಿ ಆರ್ಸೆನಿಕ್ ಸೇರಿಸಿದ ಮರ ಬಹಳ ಕಾಲ ಚಾಲ್ತಿಯಲ್ಲಿತ್ತು. ಮನೆ ಬಳಕೆಗೆ ಅದು ನಿಂತಿದ್ದು 2003ರ ಕೊನೆಗೆ. ಹಳೆ ಡೆಕ್ ಒಡೆದ ಹಲಗೆಯಲ್ಲಿ ಸೊಪ್ಪಿನ ಮಡಿ ಕಟ್ಟುವವರು ಈಗಲೂ ಇದ್ದಾರೆ. ಊರಲ್ಲಿ ಹಳೆ ರೈಲ್ವೆ ಸ್ಲೀಪರ್ ಮಾರುತ್ತಾರೆ, ಅಲ್ವಾ? ಅವು ಕ್ರಿಯೋಸೋಟ್ ಅನ್ನುವ, ಮರ ಕೊಳೆಯದಿರಲು ಹಾಕುವ ವಿಷದ ಎಣ್ಣೆ ಕುಡಿದ ಮರಗಳು. ನೋಡಲು ಗಟ್ಟಿಮುಟ್ಟು, ಬೆಲೆಯೂ ಸಸ್ತಾ. ತಿನ್ನುವ ಗಿಡದ ಹತ್ತಿರ ಮಾತ್ರ ಬೇಡವೇ ಬೇಡ.

ಸರಕು ಸಾಗಿಸುವ ಪ್ಯಾಲೆಟ್‌ನ ಹಲಗೆ ತರುವುದಾದರೆ ಮೇಲಿನ ಮುದ್ರೆ ನೋಡಿ. 'ಎಚ್‌ಟಿ' ಅಂತಿದ್ದರೆ ಬರೀ ಕಾಯಿಸಿದ್ದು, ತೊಂದರೆ ಇಲ್ಲ. 'ಎಂಬಿ' ಅಂತಿದ್ದರೆ ಮೀಥೈಲ್ ಬ್ರೋಮೈಡ್ ಹೊಗೆ ಕೊಟ್ಟದ್ದು, ಬಿಟ್ಟುಬಿಡಿ.

ಉಡುಪಿ_ಬಸಳೆ
ಮಾರಾಯ್ರೇ, ನಮ್ಮಲ್ಲಿ ಕೆಂಪುಕಲ್ಲು ಇಟ್ಟರೆ ಆಯ್ತು. ಗೆದ್ದಲಿಲ್ಲ, ಔಷಧಿಯಿಲ್ಲ, ಸುಣ್ಣದ ಚಿಂತೆಯಿಲ್ಲ. ಅಡಿಗೆ ತೆಂಗಿನ ಸಿಪ್ಪೆ ಜೋಡಿಸಿ, ಕುಳಿ ಭಾಗ ಮೇಲೆ ಮಾಡಿ. ನೀರು ಹಿಡಿದಿಟ್ಟುಕೊಂಡು ನಿಧಾನ ಬಿಡುತ್ತದೆ.

ಕೆಂಪುಮಣ್ಣು
ತೆಂಗಿನ ಸಿಪ್ಪೆಗೆ ನನ್ನ ತಕರಾರಿದೆ. ಒಣ ಸಿಪ್ಪೆ ಹಾಕಿದರೆ ಇಲಿ ಗೂಡು ಮಾಡುತ್ತದೆ, ಗೆದ್ದಲು ಬರುತ್ತದೆ.

ಉಡುಪಿ_ಬಸಳೆ
ಒಣಗಿದ್ದು ಹಾಗೇ ಹಾಕಿ ಅಂತ ಯಾರು ಹೇಳಿದ್ದು? ಒಂದು ವಾರ ನೀರಲ್ಲಿ ನೆನೆಸಿ, ಆ ಕಂದು ನೀರು ಚೆಲ್ಲಿ ಹಾಕಬೇಕು. ಮೇಲೆ ಸಗಣಿ ನೀರು ಎರಚಿ. ಸಿಪ್ಪೆ ಕೊಳೆಯುವಾಗ ಮಣ್ಣಿನ ಸಾರಜನಕ ಎಳೆದುಕೊಳ್ಳುತ್ತದೆ, ಅದಕ್ಕೆ ಸಗಣಿ. ಮಣ್ಣು ಮೊದಲ ವರ್ಷ ಕುಸಿಯುತ್ತದೆ, ಆಗ ಮೇಲೆ ಇನ್ನಷ್ಟು ಗೊಬ್ಬರ ಹಾಕಬೇಕು. ಅಷ್ಟೇ.

ಹಿತ್ತಲ_ಮೈಸೂರು
ತುಂಬುವ ಮಣ್ಣಿನ ಲೆಕ್ಕ ಯಾರಾದರೂ ಹೇಳಿ. ಅಂಗಡಿಯವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಕೃಷಿ_ಓದಿದವಳು
8 ಅಡಿ, 3 ಅಡಿ, 1 ಅಡಿ ಆಳ ಅಂದರೆ 24 ಘನ ಅಡಿ. ಒಂದು ಸಿಮೆಂಟ್ ಚೀಲದಷ್ಟು ಜಾಗ ಸುಮಾರು ಒಂದೂಕಾಲು ಘನ ಅಡಿ. ಅಂದರೆ ಒಂದು ಮಡಿಗೆ ಹೆಚ್ಚುಕಡಿಮೆ 19-20 ಚೀಲ. ಅರ್ಧ ಕೆಂಪು ಮಣ್ಣು. ಉಳಿದ ಅರ್ಧದಲ್ಲಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ ಒಂದು ಪಾಲು, ತೊಳೆದ ತೆಂಗಿನ ನಾರಿನ ಪುಡಿ ಒಂದು ಪಾಲು. ಮೇಲೆ ಎರಡು ಮೂರು ಕಿಲೋ ಬೇವಿನ ಹಿಂಡಿ. ಬಾಂಡ್ಲಿ ಲೆಕ್ಕದಲ್ಲಿ ಎರಡು ಮಣ್ಣು, ಒಂದು ಗೊಬ್ಬರ, ಒಂದು ನಾರು ಅಂತ ಕಲಸುತ್ತಾ ಹೋಗಿ.

ಗೊಬ್ಬರ ಕಳಿತಿದೆಯಾ ಅಂತ ಕೈಯಲ್ಲಿ ಹಿಡಿದು ನೋಡಿ. ಬಿಸಿ ಇರಬಾರದು, ಸಗಣಿ ವಾಸನೆ ಬರಬಾರದು, ಹುಲ್ಲಿನ ಎಳೆ ಗುರುತು ಸಿಗಬಾರದು. ಮಳೆ ಬಿದ್ದ ನೆಲದ ವಾಸನೆ ಬಂದರೆ ತನ್ನಿ. ಹಸಿ ಗೊಬ್ಬರದ ಜೊತೆ ಗೊಣ್ಣೆಹುಳು ಬರುತ್ತದೆ, ಬದನೆ ಬೇರು ತಿಂದು ಹಾಕುತ್ತದೆ.

ಮೂರನೇ_ಮಹಡಿ
ನಾನು ಬೆಂಗಳೂರು. ನೆಲ ಇಲ್ಲ, ತಾರಸಿ ಇದೆ. ಇದೇ ಅಳತೆಯಲ್ಲಿ ತಾರಸಿ ಮೇಲೆ ಕಟ್ಟಬಹುದಾ? ಓನರ್ ಒಪ್ಪಿದ್ದಾರೆ.

ಸಿವಿಲ್_ಕೆಲಸ
ದಯವಿಟ್ಟು ಬೇಡ. ಓನರ್ ಒಪ್ಪಿದರೆ ಸಾಲದು, ಸ್ಲ್ಯಾಬ್ ಒಪ್ಪಬೇಕು.

ಕಟ್ಟಡ ಎಷ್ಟು ಭಾರ ಹೊರಬೇಕು ಅನ್ನುವ ನಮ್ಮ ದೇಶದ ಐಎಸ್ 875 ನಿಯಮದಲ್ಲಿ, ಜನ ಓಡಾಡುವ ತಾರಸಿಗೆ ಲೆಕ್ಕ ಹಿಡಿಯುವ ಭಾರ ಚದರ ಮೀಟರಿಗೆ 1.5 ಕಿಲೋನ್ಯೂಟನ್. ಅಂದರೆ ಸುಮಾರು 150 ಕಿಲೋ. ಒಂದು ಅಡಿ ದಪ್ಪದ ಒದ್ದೆ ಮಣ್ಣು ಚದರ ಮೀಟರಿಗೆ ಸುಮಾರು 500 ಕಿಲೋ ತೂಗುತ್ತದೆ. ಬ್ಲಾಕ್‌ಗಳ ತೂಕ ಬೇರೆ. ಮೂರು ಪಟ್ಟು ಮೀರಿ ಹೋಯಿತು. 'ಪಕ್ಕದ ಮನೆಯಲ್ಲಿ ಹಾಕಿದ್ದಾರೆ, ಏನೂ ಆಗಿಲ್ಲ' ಅನ್ನುವ ಮಾತು ಕೇಳಬೇಡಿ. ಸ್ಲ್ಯಾಬ್ ನಿಧಾನವಾಗಿ ಬಾಗುತ್ತದೆ, ಬಿರುಕು ಬಿಡುತ್ತದೆ, ನೀರು ಕಂಬಿಗೆ ಹೋಗಿ ತುಕ್ಕು ಹಿಡಿಯುತ್ತದೆ. ಹೊರಗೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ.

ತಾರಸಿಗೆ ಗ್ರೋ ಬ್ಯಾಗ್ ಹಾಕಿ. ಮಣ್ಣು ಕಡಿಮೆ ಮಾಡಿ, ನಾರಿನ ಪುಡಿ ಮತ್ತು ಎರೆಗೊಬ್ಬರ ಹೆಚ್ಚು ಮಾಡಿ. ಎಲ್ಲವನ್ನೂ ಮಧ್ಯದಲ್ಲಿ ಗುಡ್ಡೆ ಹಾಕದೆ ಗೋಡೆ, ಬೀಮ್ ಇರುವ ಸಾಲಿನಲ್ಲಿ ಇಡಿ. ಅಡಿಗೆ ಸ್ಟ್ಯಾಂಡ್ ಇರಲಿ, ನೀರು ಹರಿದು ತೂಬಿಗೆ ಹೋಗಬೇಕು. ಮಡಿಯೇ ಬೇಕು ಅಂದರೆ ಸ್ಟ್ರಕ್ಚರಲ್ ಇಂಜಿನಿಯರ್‌ಗೆ ಡ್ರಾಯಿಂಗ್ ತೋರಿಸಿ, ಬರಹದಲ್ಲಿ ಪಡೆಯಿರಿ.

ಮೂರನೇ_ಮಹಡಿ
ಥ್ಯಾಂಕ್ಸ್ ಸರ್. ಈ ಲೆಕ್ಕ ಯಾರೂ ಹೇಳಿರಲಿಲ್ಲ. ಬ್ಯಾಗೇ ಸರಿ.

ಪಾಂಡವಪುರ_ಹುಡುಗ
ಬೆಟ್ಟದ ಪ್ರಶ್ನೆಗೆ ಯಾರೂ ಉತ್ತರನೇ ಕೊಟ್ಟಿಲ್ಲ. ನಾನು ಹೇಳ್ತೀನಿ.

ಶುರುಗೆ ಚಾಮುಂಡಿ ಬೆಟ್ಟದ ಮೆಟ್ಟಿಲು. ಸಾವಿರದ ಲೆಕ್ಕ. ದೊಡ್ಡ ದೇವರಾಜ ಒಡೆಯರ ಕಾಲದ್ದು. ಮಕ್ಕಳಿಗೆ ಉಸಿರು ಹೇಗೆ ಹಿಡಿಯುತ್ತದೆ ಅಂತ ಅಲ್ಲೇ ಗೊತ್ತಾಗುತ್ತದೆ. ಆಮೇಲೆ ಮೇಲುಕೋಟೆ. ಯೋಗನರಸಿಂಹಸ್ವಾಮಿ ಬೆಟ್ಟ ಹತ್ತಿ, ಕಲ್ಯಾಣಿ ನೋಡಿ, ಪುಳಿಯೋಗರೆ ತಿಂದು ಬನ್ನಿ. ಮೂರನೆಯದು ನಮ್ಮ ಕುಂತಿ ಬೆಟ್ಟ. ಇಲ್ಲಿ ಮೆಟ್ಟಿಲು ಮುಗಿದ ಮೇಲೆ ಬಂಡೆ, ಕುರುಚಲು. ಕೈ ಊರಿ ಹತ್ತಬೇಕು. ನಿಮ್ಮ 13ರ ಮಗುವಿಗೆ ಖುಷಿ, 10ರ ಮಗುವಿನ ಪಕ್ಕ ದೊಡ್ಡವರು ಒಬ್ಬರು ಇರಲೇಬೇಕು. ಬರುವಾಗ ತೊಣ್ಣೂರು ಕೆರೆ ನೋಡಿ. ನೋಡಿ ಅಷ್ಟೇ, ನೀರಿಗೆ ಇಳಿಸಬೇಡಿ. ಆಳ ಇದೆ.

ನಡಿಗೆ_ಪ್ರಿಯ
ಕುಂತಿ ಬೆಟ್ಟಕ್ಕೆ ಮಳೆ ಬಿದ್ದ ಮಾರನೇ ದಿನ ಹೋಗಬೇಡಿ. ಬಂಡೆ ಮೇಲೆ ಕಪ್ಪಗೆ ಪಟ್ಟೆ ಕಾಣುತ್ತದಲ್ಲ, ಅದು ಪಾಚಿ. ಒಣಗಿದ್ದಾಗ ಶೂ ಕಚ್ಚಿ ಹಿಡಿಯುತ್ತದೆ, ಒದ್ದೆಯಾದರೆ ಸೋಪು. ಕಪ್ಪು ಪಟ್ಟೆ ಬಿಟ್ಟು ಬಿಳಿ ಬಂಡೆ ಮೇಲೆ ಕಾಲಿಡುವುದನ್ನು ಮಕ್ಕಳಿಗೆ ಕಲಿಸಿ. ಸಾವನದುರ್ಗಕ್ಕೂ ಇದೇ ಮಾತು.

ಪಾಂಡವಪುರ_ಹುಡುಗ
ಹೌದು ಸರ್, ಸರಿಯಾಗಿ ಹೇಳಿದಿರಿ. ಹತ್ತುವಾಗ ಅಲ್ಲ, ಇಳಿಯುವಾಗಲೇ ಜಾರೋದು ಜಾಸ್ತಿ.

ಗುಂಡ್ಲುಪೇಟೆ_ಟೀಚರ್
ಗೋಪಾಲಸ್ವಾಮಿ ಬೆಟ್ಟನೂ ಸೇರಿಸಿ. 1454 ಮೀಟರ್, ಮೇಲೆ ತಂಪು.

ನಡಿಗೆ_ಪ್ರಿಯ
ಟೀಚರ್, ಅದು ನಡೆದು ಹತ್ತುವ ಬೆಟ್ಟ ಅಲ್ಲವಲ್ಲ. ಬಂಡೀಪುರದ ಒಳಗೆ, ಆನೆ ಓಡಾಡುವ ಜಾಗ. ಸ್ವಂತ ಗಾಡಿ ಕೆಳಗೇ ನಿಲ್ಲಿಸಿ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಹೋಗಬೇಕು. ಕುಟುಂಬದ ಜೊತೆ ಹೋಗಿ ಬರಲು ಚೆಂದ, ಚಾರಣದ ಪಟ್ಟಿಗೆ ಬೇಡ.

ಗುಂಡ್ಲುಪೇಟೆ_ಟೀಚರ್
ಸರಿ, ಒಪ್ಪಿದೆ. ಆದರೂ ಆ ಮಂಜಿಗಾಗಿ ಒಮ್ಮೆ ಹೋಗಲಿ.

ನಡಿಗೆ_ಪ್ರಿಯ
ಒಂದು ದಿನದ ಬೆಟ್ಟಕ್ಕೆ ನಾನು ಪಾಲಿಸುವುದು ಬರೆಯುತ್ತೇನೆ. ಬೆಳಿಗ್ಗೆ ಆರಕ್ಕೆ ಬೆಟ್ಟದ ಬುಡದಲ್ಲಿರಬೇಕು. ಬಂಡೆ ಬೆಟ್ಟ ಹತ್ತು ಗಂಟೆಗೆಲ್ಲ ಕಾಯುತ್ತದೆ, ನೆರಳಿರಲ್ಲ. ದೊಡ್ಡವರಿಗೆ ತಲಾ ಎರಡು ಲೀಟರ್ ನೀರು, ಮಕ್ಕಳಿಗೆ ಒಂದೂವರೆ. ಜೊತೆಗೆ ಉಪ್ಪು ಹಾಕಿದ ಮಜ್ಜಿಗೆ. ವಾಪಸ್ ತಿರುಗುವ ಹೊತ್ತನ್ನು ಮನೆಯಲ್ಲೇ ನಿಗದಿ ಮಾಡಿ. ತುದಿ ಮುಟ್ಟಲಿ ಬಿಡಲಿ, ಆ ಹೊತ್ತಿಗೆ ತಿರುಗಬೇಕು. ಗುಡುಗು ಕೇಳಿದರೆ ಅದಕ್ಕೂ ಮೊದಲೇ. ಬೋಳು ಬಂಡೆಯ ತಲೆ ಮೇಲೆ ಸಿಡಿಲಿಗೆ ನೀವೇ ಎತ್ತರ.

ಬುತ್ತಿಯನ್ನು ಕೈಚೀಲದಲ್ಲಿ ಹಿಡಿಯಬೇಡಿ, ಕೋತಿ ಕಿತ್ತುಕೊಳ್ಳುತ್ತದೆ. ಬ್ಯಾಗಿನ ಒಳಗಿರಲಿ. ಬಂಡೆಯ ಕೆಳಗೆ ಹೆಜ್ಜೇನು ತಟ್ಟೆ ಕಂಡರೆ ಕೂಗಬೇಡಿ, ಕಲ್ಲು ಎಸೆಯಬೇಡಿ, ಹೊಗೆ ಹಾಕಬೇಡಿ, ಸದ್ದಿಲ್ಲದೆ ಬೇರೆ ದಾರಿ ಹಿಡಿಯಿರಿ. ಬೆಟ್ಟಕ್ಕೆ ಹೋಗುವ ದಿನ ಸೆಂಟ್ ಹಾಕಿಕೊಳ್ಳಬೇಡಿ. ಹುಲಿ ಚಿರತೆಗಿಂತ ಹೆಜ್ಜೇನಿಗೆ ನಾನು ಹೆಚ್ಚು ಹೆದರುತ್ತೇನೆ.

ಕೆಂಪುಮಣ್ಣು
ಬುಕಿಂಗ್ ವಿಷಯ ಹೇಳಲಿಲ್ಲ. ಅರಣ್ಯ ಇಲಾಖೆ ದಾರಿಗಳಿಗೆ ಈಗ ಆನ್‌ಲೈನ್ ಬುಕಿಂಗ್ ಬೇಕು ಅಲ್ವಾ?

ನಡಿಗೆ_ಪ್ರಿಯ
ಬೇಕು. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಜನ ನುಗ್ಗಿ ದೊಡ್ಡ ಸುದ್ದಿಯಾಯಿತಲ್ಲ, ಆಮೇಲೆ ಬಿಗಿ ಮಾಡಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ 'ಅರಣ್ಯ ವಿಹಾರ' ಅನ್ನುವ ಬುಕಿಂಗ್ ಜಾಲತಾಣ ಶುರುವಾಯಿತು. ಒಂದು ದಾರಿಗೆ ದಿನಕ್ಕೆ 300 ಜನ ಅಂತ ಮಿತಿ ಇಟ್ಟರು. ಸ್ಕಂದಗಿರಿ, ಮಾಕಳಿದುರ್ಗ ಕಡೆ ಹೋಗುವವರು ಮೊದಲೇ ಚೀಟಿ ಮಾಡಿಸಿ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ, ಮಳೆಗಾಲದಲ್ಲಿ ಜಾರುವ ಭಯಕ್ಕೆ ಕೆಲವು ದಾರಿ ಮುಚ್ಚುತ್ತಾರೆ. ಹೊರಡುವ ಹಿಂದಿನ ದಿನ ನೋಡಿಕೊಳ್ಳಿ.

ಕೊಡಗಿನ_ಕಾಫಿ
300 ಜನವೂ ಜಾಸ್ತಿಯೇ. ತಡಿಯಂಡಮೋಳಿಗೆ ಬಂದವರು ಬಿಸ್ಕೆಟ್ ಕವರ್, ನೀರಿನ ಬಾಟಲಿ ಎಸೆದು ಹೋಗುತ್ತಾರೆ. ಊರಿನ ಹುಡುಗರು ಚೀಲ ಹಿಡಿದು ಆರಿಸುತ್ತಾರೆ. ಮಕ್ಕಳ ಕೈಗೆ ಒಂದು ಕಸದ ಚೀಲ ಕೊಟ್ಟು ಕರೆತನ್ನಿ, ನಮ್ಮ ಬೇಡಿಕೆ ಅಷ್ಟೇ.

ಹಿತ್ತಲ_ಮೈಸೂರು
ಖಂಡಿತ ಅಕ್ಕ. ಕಸದ ಚೀಲ ಪಟ್ಟಿಯಲ್ಲಿ ಸೇರಿತು. ನಾವಿಲ್ಲದ ದಿನ ನೀರಿನ ವಿಷಯ?

ಬಳ್ಳಾರಿ_ಬಿಸಿಲು
ಇದು ನಮ್ಮ ಸಬ್ಜೆಕ್ಟ್. ಸಣ್ಣ ಮಣ್ಣಿನ ಮಡಕೆ ತಗೊಳ್ರಿ. ಒಳಗೆ ಹೊರಗೆ ಬಣ್ಣ, ಹೊಳಪು ಇರಬಾರದು. ಮಡಿಯಲ್ಲಿ ಕುತ್ತಿಗೆವರೆಗೂ ಹೂಳಿ ನೀರು ತುಂಬಿ, ಬಾಯಿಗೆ ತೆಂಗಿನ ಚಿಪ್ಪು ಮುಚ್ಚಿ. ಮಣ್ಣು ಒಣಗಿದಾಗ ಮಡಕೆ ನೀರು ಜಿನುಗಿಸುತ್ತದೆ, ಒದ್ದೆ ಇದ್ದಾಗ ಸುಮ್ನೆ ಇರುತ್ತದೆ. ಬೆಳೆ ಮುಗಿದ ಮೇಲೆ ಮಡಕೆ ಮೇಲಕ್ಕೆತ್ತಿ ನೋಡ್ರಿ, ಹೊಟ್ಟೆ ಸುತ್ತ ಬಿಳಿ ಬೇರು ಬಲೆಯಂತೆ ಹಬ್ಬಿರುತ್ತದೆ. ಎಂಟು ಅಡಿ ಮಡಿಗೆ ಮೂರು ಮಡಕೆ ಸಾಕು. ಮುಚ್ಚದೆ ಬಿಟ್ಟರೆ ಸೊಳ್ಳೆ ಮರಿ ಮಾಡುತ್ತದೆ, ಅದೊಂದು ನೆನಪಿರಲಿ.

ಕೃಷಿ_ಓದಿದವಳು
ಮಡಕೆ ಒಳ್ಳೆಯದು. ಆದರೆ ಮೆಂತ್ಯ, ದಂಟಿನಂಥ ಒತ್ತಾಗಿ ಬಿತ್ತುವ ಸೊಪ್ಪಿಗೆ ನೀರು ಸಮವಾಗಿ ಸಿಗಲ್ಲ. ಅವಕ್ಕೆ ಮೇಲಿಂದಲೇ ಚಿಮುಕಿಸಬೇಕು. ಬದನೆ, ಬೆಂಡೆಯನ್ನು ಮಡಕೆ ಸುತ್ತ ಇಡಿ. ಮೇಲೆ ಎರಡು ಇಂಚು ತರಗೆಲೆ ಹೊದಿಸಿ. ಅಷ್ಟು ಮಾಡಿದರೆ ಒಂದು ಭಾನುವಾರ ಏನೂ ಆಗಲ್ಲ.

ಉಡುಪಿ_ಬಸಳೆ
ತರಗೆಲೆ ಹೊದಿಸಿದರೆ ಬಸವನಹುಳು ಬರುತ್ತದೆ, ಅದನ್ನೂ ಹೇಳಿ. ಆಫ್ರಿಕನ್ ದೊಡ್ಡ ಹುಳು ಬಂದರೆ ಒಂದು ರಾತ್ರಿಯಲ್ಲಿ ಸಸಿ ಸಾಲು ಖಾಲಿ.

ಕೃಷಿ_ಓದಿದವಳು
ಸಂಜೆ ಒದ್ದೆ ಗೋಣಿಚೀಲ ಹಾಸಿ, ಅಡಿಗೆ ಪಪ್ಪಾಯ ಎಲೆ ಅಥವಾ ಕೋಸಿನ ಎಲೆ ಇಡಿ. ಬೆಳಿಗ್ಗೆ ಎತ್ತಿದರೆ ಎಲ್ಲಾ ಅಲ್ಲೇ ಸೇರಿರುತ್ತವೆ. ಕೈಗವಸು ಹಾಕಿ ಆರಿಸಿ ಉಪ್ಪು ನೀರಿನ ಬಕೆಟ್ಟಿಗೆ ಹಾಕಿ. ಬರಿಗೈಲಿ ಮುಟ್ಟಬೇಡಿ, ಮಕ್ಕಳಿಗೂ ಹೇಳಿ. ಅದರ ಮೈಯಲ್ಲಿ ರೋಗದ ಹುಳು ಇರಬಹುದು. ಮಡಿಯೊಳಗೆ ಉಪ್ಪು ಚೆಲ್ಲಿದರೆ ಮಾತ್ರ ಗಿಡ ಸಾಯುತ್ತದೆ.

ಸೀಯಾಟಲ್_ಕನ್ನಡಿಗ
ಡಿಸೆಂಬರ್ ರಜೆಗೆ ಊರಿಗೆ ಬರುತ್ತೇವೆ. ಶಿವಮೊಗ್ಗ ಕಡೆ ಮಕ್ಕಳ ಜೊತೆ ಒಂದು ದಿನ ಕಾಡಿನ ದಾರಿ ನಡೆಯಬಹುದಾ? ಜಿಗಣೆ ಭಯ ಅವರಿಗೆ.

ಅಡಿಕೆದಬ್ಬೆ
ಡಿಸೆಂಬರ್‌ನಲ್ಲಿ ನಮ್ಮಲ್ಲಿ ಇಂಬಳದ (ಕಾಡಿನ ಜಿಗಣೆಯ) ಕಾಟ ಕಡಿಮೆ. ಅದು ಮಳೆಗಾಲದ ಗಿರಾಕಿ. ಕಚ್ಚಿದರೂ ಸುಣ್ಣವೋ ಉಪ್ಪೋ ಮುಟ್ಟಿಸಿದರೆ ಬಿಡುತ್ತದೆ, ರಕ್ತ ಸ್ವಲ್ಪ ಹೊತ್ತು ಸೋರುತ್ತದೆ ಅಷ್ಟೇ.

ನೀವು ನೋಡಬೇಕಾದ್ದು ಉಣುಗು, ಅಂದರೆ ಮೈಗೆ ಅಂಟಿ ರಕ್ತ ಹೀರುವ ಉಣ್ಣೆ. ಮಂಗನ ಕಾಯಿಲೆ ಹರಡುವುದು ಅದರಿಂದ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾಯಿತು. ಡಿಸೆಂಬರಿಂದ ಮೇ ತನಕ ಅದರ ಕಾಲ. ಹೊರಡುವ ಮೊದಲು ಆ ಭಾಗದ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ, ಮಂಗ ಸತ್ತ ಸುದ್ದಿ ಇದೆಯಾ ಕೇಳಿ. ಇದ್ದರೆ ಆ ಕಾಡು ಬೇಡ. ಇಲ್ಲ ಅಂದರೂ ತುಂಬು ತೋಳಿನ ಅಂಗಿ, ಪ್ಯಾಂಟ್ ತುದಿ ಕಾಲುಚೀಲದ ಒಳಗೆ. ಉಣುಗು ಹತ್ತದಂತೆ ಹಚ್ಚಿಕೊಳ್ಳಲು ಆರೋಗ್ಯ ಕೇಂದ್ರದಲ್ಲಿ ಡೆಪಾ ಎಣ್ಣೆ ಕೊಡುತ್ತಾರೆ. ತರಗೆಲೆ ಮೇಲೆ ಕೂರಬೇಡಿ. ಮನೆಗೆ ಬಂದ ತಕ್ಷಣ ಬಟ್ಟೆ ಬಿಸಿನೀರಿಗೆ, ಮಕ್ಕಳಿಗೆ ಸೋಪು ಹಾಕಿ ಸ್ನಾನ. ಕಿವಿ ಹಿಂದೆ, ಕಂಕುಳು, ಮಂಡಿ ಹಿಂಭಾಗ ಹುಡುಕಿ. ವಾರದೊಳಗೆ ಜೋರು ಜ್ವರ, ಮೈಕೈ ನೋವು ಬಂದರೆ ಡಾಕ್ಟರ್ ಹತ್ತಿರ ಕಾಡಿಗೆ ಹೋಗಿದ್ದನ್ನು ಮೊದಲು ಹೇಳಿ.

ಸೀಯಾಟಲ್_ಕನ್ನಡಿಗ
ಬಹಳ ಉಪಕಾರ. ಹಾಗಾದರೆ ಕಾಡು ಬಿಟ್ಟು ಕವಲೇದುರ್ಗ ಕೋಟೆ ಹೇಗೆ?

ಅಡಿಕೆದಬ್ಬೆ
ಕವಲೇದುರ್ಗ ಒಳ್ಳೆಯದು. ಕಲ್ಲು ಹಾಸಿನ ದಾರಿ, ಗದ್ದೆ ದಾಟಿ ಹೋಗಬೇಕು. ಆದರೆ ಅಲ್ಲೂ ಸುತ್ತ ಕಾಡೇ, ಫೋನ್ ಮಾಡಿ ಕೇಳುವುದು ಬಿಡಬೇಡಿ. ಬುಡದಲ್ಲಿ ಅಂಗಡಿ ಕಡಿಮೆ, ಊಟ ತೀರ್ಥಹಳ್ಳಿಯಿಂದಲೇ ಕಟ್ಟಿಸಿಕೊಂಡು ಹೊರಡಿ.